ಐದೂವರೆ ಮನೆಯ ಶ್ರುತಿ

ಅತ್ತೆ ಏಳುವುದಕ್ಕೆ ಈಗೀಗ ಏಳು ನಿಮಿಷ ಬೇಕಾಗುತ್ತಿತ್ತು. ಸ್ವಿಚ್ಚು ಒತ್ತಿದರೆ ಮೊದಲು ಒಂದು ಕೆಂಪು ದೀಪ, ಆಮೇಲೆ ಒಳಗೆಲ್ಲೋ ಕಟಕಟ ಸದ್ದು, ಅದೂ ಆದ ಮೇಲೆ ಎರಡು ಸಾಲಿನ ಪುಟ್ಟ ಪರದೆಯಲ್ಲಿ ಅರ್ಧಂಬರ್ಧ ಅಕ್ಷರಗಳು. ಇಪ್ಪತ್ತೊಂದು ವರ್ಷದ ವರ್ಕ್‌ಸ್ಟೇಷನ್ ಕೀಬೋರ್ಡು ಅದು. ಡ್ರಮ್ಮು, ಗಿಟಾರು, ಪಿಟೀಲು, ಕೊಳಲು ಅಂತ ಹತ್ತು ಜನ ಕೂತು ನುಡಿಸಬೇಕಾದ್ದನ್ನು ತನ್ನೊಳಗೇ ತುಂಬಿಕೊಂಡು ಒಂದೇ ನುಡಿಸುವ ಯಂತ್ರ. ಬೇಗ ಏಳುವುದಿಲ್ಲ, ಥಂಡಿಯಾದರೆ ಗೊಣಗುತ್ತದೆ, ಕದಲಿಸಲು ಇಬ್ಬರು ಬೇಕು, ಆದರೂ ಅದಿಲ್ಲದೆ ಮನೆ ನಡೆಯುವುದಿಲ್ಲ ಎಂದು ಅಕ್ಕನೇ ಅದಕ್ಕೆ ಅತ್ತೆ ಎಂದು ಹೆಸರಿಟ್ಟಿದ್ದಳು. ಕಾರ್ಯಕ್ರಮದ ದಿನ ಕನ್ನಡಿಯ ಮುಂದೆ ನಿಂತು ಬಾಯಲ್ಲಿ ಪಿನ್ನು ಕಚ್ಚಿಕೊಂಡೇ, "ಪುಟ್ಟೀ, ಅತ್ತೆ ಎದ್ಲಾ?" ಎಂದು ಕೂಗುವಳು. "ಎದ್ಲು, ಮುಖ ತೊಳ್ಕೋತಿದಾಳೆ" ಎಂದು ತಂಗಿ ಹೇಳಬೇಕು. ಹಾಗೆ ಹೇಳದೆ ಅವರಿಬ್ಬರೂ ಒಂದು ಕಾರ್ಯಕ್ರಮಕ್ಕೂ ಮನೆ ಬಿಟ್ಟವರಲ್ಲ.

ಅಕ್ಕ ಹಾಡುವವಳು, ತಂಗಿ ನುಡಿಸುವವಳು. ಅಕ್ಕನಿಗೆ ಐವತ್ತಮೂರು, ತಂಗಿಗೆ ನಲವತ್ತನಾಲ್ಕು. ವಾರದ ದಿನಗಳಲ್ಲಿ ಅಕ್ಕ ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆಗಳ ಅಳತೆ ಸರಿಪಡಿಸಿಕೊಡುತ್ತಿದ್ದಳು. ತಂಗಿ ಎರಡು ಬೀದಿ ಆಚೆ ಗಂಡ ಮಕ್ಕಳೊಂದಿಗೆ ಇದ್ದುಕೊಂಡು ಮಕ್ಕಳಿಗೆ ಕೀಬೋರ್ಡು ಕಲಿಸುತ್ತಿದ್ದಳು. ಶನಿವಾರ ಭಾನುವಾರ ಬಂದರೆ ಮದುವೆ ಮನೆ, ಬೀಳ್ಕೊಡುಗೆ, ಹೋಟೆಲ್ಲಿನ ವಾರ್ಷಿಕೋತ್ಸವ. ಬೇರೆ ವಾದ್ಯದವರು ಯಾರೂ ಇಲ್ಲ. ಅಕ್ಕ, ತಂಗಿ, ಅತ್ತೆ, ಅಷ್ಟೇ.

ಆ ಅತ್ತೆ ಈಗ ಹಾಸಿಗೆ ಹಿಡಿದಿದ್ದಳು. ನಡುವಿನ ಒಂದು ಬಿಳಿ ಕೀ ಒತ್ತಿದರೂ ಉಸಿರಿಲ್ಲ. ಪರದೆಯ ಎಡಗಡೆ ಶಾಯಿ ಚೆಲ್ಲಿದಂತೆ ಕಪ್ಪಾಗಿತ್ತು. ರಿಪೇರಿಯವನು ಬೆನ್ನು ಬಿಚ್ಚಿ, ಟಾರ್ಚು ಹಾಕಿ ಇಣುಕಿ, ಮತ್ತೆ ಮುಚ್ಚಿ ಕೈ ಒರೆಸಿಕೊಂಡಿದ್ದ. "ಈ ಬೋರ್ಡನ್ನ ಈಗ ಯಾರೂ ಮಾಡಲ್ಲ ಮೇಡಂ. ನಾನು ಸುಮ್ನೆ ಕೈ ಆಡಿಸಿದ್ರೆ ಇರೋದೂ ಹೋಗುತ್ತೆ. ನಡೆಯೋವರೆಗೂ ನಡೀಲಿ. ಒಂದು ತಿಂಗಳೋ, ಒಂದು ದಿನವೋ."

"ಹೊಸದು ತಗೊಳ್ಳೋಣ ಬಿಡೇ" ಎಂದಳು ಅಕ್ಕ, ಯಾರದೋ ಪ್ಯಾಂಟಿನ ಸೊಂಟ ಬಿಚ್ಚುತ್ತಾ. "ಇಪ್ಪತ್ತೊಂದು ವರ್ಷ ದುಡಿದಿದಾಳೆ. ಇನ್ನೂ ಎಷ್ಟು ದಿನ ಅಂತ ಗೋಳು ಹುಯ್ಕೋತೀಯ ಅವಳನ್ನ?"

ತಂಗಿ ಹೂಂ ಎಂದಳು. ಅವತ್ತು ಮಧ್ಯಾಹ್ನ ಮನೆಗೆ ಬಂದು ಒಲೆಯ ಮೇಲಿಟ್ಟ ಹಾಲು ಉಕ್ಕಿ ಕಟ್ಟೆಯೆಲ್ಲ ಹರಿದರೂ ಅವಳಿಗೆ ಗೊತ್ತಾಗಲಿಲ್ಲ.

ಅವಳ ಸಂಕಟ ಏನೆಂದು ತಿಳಿಯಬೇಕಾದರೆ ಒಂಬತ್ತು ವರ್ಷ ಹಿಂದಕ್ಕೆ ಹೋಗಬೇಕು. ಆಗ ಅಕ್ಕನ ಕುತ್ತಿಗೆಯಲ್ಲಿ ಗಂಟಾಗಿ ಆಪರೇಷನ್ ಆಗಿತ್ತು. ಮೂರು ತಿಂಗಳು ಹಾಡಕೂಡದೆಂದು ಡಾಕ್ಟರು ಹೇಳಿದ್ದರು. ಅಕ್ಕ ನಾಲ್ಕು ತಿಂಗಳು ಸುಮ್ಮನಿದ್ದಳು. ಐದನೆಯ ತಿಂಗಳು ಅಭ್ಯಾಸಕ್ಕೆ ನಿಂತು, ಯಾವಾಗಲೂ ಮೊದಲು ಹಾಡುವ ದೋಣಿ ಹಾಡನ್ನೇ ಎತ್ತಿಕೊಂಡಳು. ಅದರ ಮೂರನೆಯ ಸಾಲು ಮೇಲಕ್ಕೇರುತ್ತದೆ. ಅಲ್ಲಿ ಅವಳ ದನಿ ಹಳೆಯ ದಾರದ ಹಾಗೆ ಪಟ್ಟೆಂದು ಕಡಿಯಿತು. ಅಕ್ಕ ಒಳಗೆ ಹೋಗಿ ಬಾಗಿಲು ಹಾಕಿಕೊಂಡವಳು ಎರಡು ದಿನ ಅನ್ನ ನೀರಿಗೂ ಸರಿಯಾಗಿ ಬರಲಿಲ್ಲ.

ಅಕ್ಕನದು ಐದೂವರೆ ಮನೆಯ ಶ್ರುತಿ. ಕೀಬೋರ್ಡಿನಲ್ಲಿ ಮೂರು ಕಪ್ಪು ಕೀಗಳು ಗುಂಪಾಗಿ ಇರುತ್ತವಲ್ಲ, ಅದರ ನಡುವಿನದು. ಹದಿನೇಳನೆಯ ವಯಸ್ಸಿನಿಂದ ಅದೇ ಶ್ರುತಿ. "ಎಲ್ರಿಗೂ ಒಂದು ಮನೆ ಇದ್ರೆ ಹೆಚ್ಚು, ನನಗೆ ನೋಡು ಐದೂವರೆ" ಎಂದು ಅವಳು ನಗುತ್ತಿದ್ದ ನಗೆಯಲ್ಲಿ ತಮಾಷೆ ಅರ್ಧ, ಹೆಮ್ಮೆ ಅರ್ಧ. "ಶ್ರುತಿ ಇಳಿಸಿ ಹಾಡೋದಕ್ಕಿಂತ ಬಾಯಿಗೆ ಬೀಗ ಹಾಕ್ಕೊಳ್ಳೋದು ವಾಸಿ" ಎಂದೂ ಹೇಳುತ್ತಿದ್ದಳು. ಅವಳು ಹೇಳಿದರೆ ಮಾಡುವವಳು.

ಮೂರನೆಯ ದಿನ ತಂಗಿ ಬಂದು, "ಅಕ್ಕಾ, ಮೊನ್ನೆ ಮೆಷಿನ್ನೇ ಸರಿ ಇರ್ಲಿಲ್ಲ ಕಣೆ. ಸರ್ವೀಸ್ ಮಾಡಿಸ್ದೆ. ಒಂದು ಸಲ ಹಾಡು, ನನಗೋಸ್ಕರ" ಎಂದಳು. ಅಕ್ಕನನ್ನು ಕರೆಯುವ ಮೊದಲು ಅವಳು ಮಾಡಿದ್ದು ಇಷ್ಟೆ: ಅತ್ತೆಯಲ್ಲಿ ಟ್ರಾನ್ಸ್‌ಪೋಸ್ ಎಂದು ಒಂದು ಗುಂಡಿ ಇತ್ತು, ಅದನ್ನು ಒಮ್ಮೆ ಒತ್ತಿದ್ದಳು. ಒಮ್ಮೆ ಒತ್ತಿದರೆ ಇಡೀ ಯಂತ್ರದ ದನಿ ಒಂದು ಮೆಟ್ಟಿಲು ಕೆಳಕ್ಕಿಳಿಯುತ್ತದೆ. ಬೆರಳು ಮಾತ್ರ ಹಿಂದಿನ ಜಾಗದಲ್ಲೇ ಇರುತ್ತದೆ. ಅಕ್ಕ ನೋಡಿದರೆ ತಂಗಿಯ ಬೆರಳು ನಡುವಿನ ಕಪ್ಪು ಕೀಯ ಮೇಲೆ, ಐದೂವರೆಯ ಮೇಲೇ.

ಅಕ್ಕ ಹಾಡಿದಳು. ಮೂರನೆಯ ಸಾಲು ಹೂವೆತ್ತಿದಂತೆ ಬಂತು. "ಬಂತು ಕಣೇ! ವಾಪಸ್ ಬಂತು!" ಎಂದು ಅಕ್ಕ ತಂಗಿಯ ಕೆನ್ನೆಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತಳು. ತಾಯಿ ತೀರಿದ ಮೇಲೆ ತನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ ಹೀಗೆ ಅಳುವುದನ್ನು ತಂಗಿ ಅವತ್ತೇ ಮೊದಲು ನೋಡಿದ್ದು. ಆ ಮುಖ ನೋಡಿದ ಮೇಲೆ ನಿಜ ಹೇಳುವುದು ಯಾರ ಕೈಲಾಗುತ್ತದೆ?

ಅಲ್ಲಿಂದ ಎರಡು ವರ್ಷಕ್ಕೊಮ್ಮೆ ಒಂದೊಂದು ಮೆಟ್ಟಿಲು. ಅತ್ತೆಯ ಹೊಟ್ಟೆಯಲ್ಲಿ ನೂರ ನಲವತ್ತು ಹಾಡುಗಳು ಇದ್ದವು. ಪ್ರತಿಯೊಂದು ಹಾಡಿನ ಜೊತೆಗೂ ಶ್ರುತಿಯ ಲೆಕ್ಕ ಬೇರೆ ಬೇರೆಯಾಗಿ ಉಳಿಯುತ್ತಿತ್ತು. ಅಕ್ಕ ಮಲಗಿದ್ದ ಮಧ್ಯಾಹ್ನಗಳಲ್ಲಿ ತಂಗಿ ಒಂದೊಂದೇ ಹಾಡು ತೆರೆದು, ಒಂದು ಮೆಟ್ಟಿಲು ಇಳಿಸಿ, ಮುಚ್ಚುತ್ತಿದ್ದಳು. ಈಗ ಒಟ್ಟು ನಾಲ್ಕು. ಅಕ್ಕ ಅಭ್ಯಾಸ ಮಾಡುತ್ತಿದ್ದುದೂ ಅತ್ತೆಯ ಜೊತೆಗೇ, ಬೇರೆ ಶ್ರುತಿಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ತನ್ನ ಹಳೆಯ ಕ್ಯಾಸೆಟ್ಟುಗಳನ್ನಂತೂ ಕೇಳುವವಳೇ ಅಲ್ಲ. "ನನ್ನ ದನಿ ನಾನೇ ಕೇಳೋದು ಕನ್ನಡಿ ಮುಂದೆ ಕೂತು ಊಟ ಮಾಡಿದ ಹಾಗೆ" ಎನ್ನುತ್ತಿದ್ದಳು. ಹಾಗಾಗಿ ಗುಟ್ಟು ರಟ್ಟಾಗಲಿಲ್ಲ.

ವಾದ್ಯದಂಗಡಿ ಮುಖ್ಯರಸ್ತೆಯ ತಿರುವಿನಲ್ಲಿತ್ತು. ತಂಗಿ ಮೊದಲು ಒಬ್ಬಳೇ ಹೋಗಿ ನೋಡಿ ಬಂದಳು. ಅಂಗಡಿ ನಡೆಸುತ್ತಿದ್ದವಳು ದಪ್ಪ ಕನ್ನಡಕದ ಹಿರಿಯ ಹೆಂಗಸು. ಹೆಗಲ ಮೇಲೆ ಯಾವಾಗಲೂ ಒಂದು ಧೂಳು ಬಟ್ಟೆ. ಒಂದು ಪಿಟೀಲು ತಂತಿ ಕೊಳ್ಳಲು ಬಂದವರಿಗೂ ಅರ್ಧ ಗಂಟೆ ವಿವರಿಸುವ ಜೀವ. ಮೂರು ದೊಡ್ಡ ವರ್ಕ್‌ಸ್ಟೇಷನ್‌ಗಳನ್ನು ಅಕ್ಕಪಕ್ಕ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ್ದಳು. ಮೂರೂ ತಂತಮ್ಮ ಕಂಪನಿಯ ತಲೆಯಾಳುಗಳು. ತಂಗಿ ಮನಸ್ಸಿನಲ್ಲೇ ಅವಕ್ಕೆ ಹೆಸರಿಟ್ಟಳು: ಕರಿಯ, ಬಿಳಿಯ, ಗುಂಡ.

ಕರಿಯನಿಗೆ ಊಟದ ತಟ್ಟೆಯಷ್ಟು ಅಗಲದ ಗಾಜಿನ ಪರದೆ, ಮುಟ್ಟಿದಲ್ಲೆಲ್ಲ ತೆರೆದುಕೊಳ್ಳುತ್ತದೆ. ಹಾಡು ಜೋಡಿಸುವುದು ಅದರಲ್ಲಿ ಎಲ್ಲಕ್ಕಿಂತ ಸಲೀಸು. ಬಿಳಿಯನ ಪಿಯಾನೋ ದನಿ ಕೇಳಿದರೆ ನಿಜವಾದ ಪಿಯಾನೋ ನಾಚಿಕೊಳ್ಳಬೇಕು. ಪಿಟೀಲಿನ ಗುಂಪಂತೂ ಬಿಸಿ ಉಸಿರು ಬಿಟ್ಟಂತೆ ಬರುತ್ತದೆ. ಆದರೆ ಪರದೆ ಅಂಗೈಯಗಲ, ಏನು ಹುಡುಕಬೇಕಾದರೂ ನಾಲ್ಕು ಪುಟ ಒಳಗಿಳಿಯಬೇಕು. ಗುಂಡ ಅತ್ತೆಯದೇ ಕಂಪನಿ, ಅತ್ತೆಯದೇ ವಂಶ. ಎಂಬತ್ತೆಂಟು ಕೀ, ಕೀಗಳ ತೂಕ ಬೆರಳಿಗೆ ಹಿತ, ಅತ್ತೆಯ ಹಾಡುಗಳನ್ನು ಪೆನ್‌ಡ್ರೈವಿನಿಂದ ತಕರಾರಿಲ್ಲದೆ ಓದುತ್ತದೆ. ಎತ್ತಿದವರ ಸೊಂಟ ಮಾತ್ರ ಉಳಿಯುವುದಿಲ್ಲ.

ಎಲ್ಲವನ್ನೂ ಕೇಳಿಸಿಕೊಂಡ ತಂಗಿ ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಹಾಡಿನ ಜೊತೆ ಟ್ರಾನ್ಸ್‌ಪೋಸೂ ಉಳಿಯುತ್ತಾ ಇದರಲ್ಲಿ?"

"ಹಾಡು ಉಳಿಯುತ್ತೆ. ಅದು ಉಳಿಯಲ್ಲ ಕಣಮ್ಮ. ಮೂರರಲ್ಲೂ ಆರಿಸಿ ಹಚ್ಚಿದ್ರೆ ಸೊನ್ನೆಗೆ ಬರುತ್ತೆ" ಎಂದಳು ಅಂಗಡಿಯಮ್ಮ. "ಕರಿಯದರಲ್ಲಂತೂ ಇಳಿಸಿದ್ರೆ ಮೂಲೇಲಿ ದಪ್ಪಕ್ಕೆ ತೋರ್ಸುತ್ತೆ ನೋಡಿ, ಕಿತ್ತಳೆ ಬಣ್ಣದಲ್ಲಿ. ಮರೆತುಹೋಗೋ ಹಾಗೇ ಇಲ್ಲ."

ಮರೆಯುವ ಹಾಗೇ ಇಲ್ಲ! ಅವಳು ಅದನ್ನು ಗುಣವೆಂದು ಹೊಗಳಿದರೆ ತಂಗಿ ಕರಿಯನನ್ನು ಬಿಟ್ಟು ಗುಂಡನ ಕಡೆ ತಿರುಗಿದಳು.

"ಮುಂದಿನ ವರ್ಷ ಗುಂಡನ... ಅಂದ್ರೆ ಈ ಕಂಪನಿದು ಹೊಸದು ಬರುತ್ತಂತಲ್ಲ? ಅದರಲ್ಲಿ ಹಾಡಿನ ಜೊತೆಗೇ ಉಳಿಯುತ್ತೆ ಅಂತ ಎಲ್ಲೋ ಓದ್ದೆ."

"ಓದಿರ್ತೀರಿ. ನಾನೂ ಮೂರು ವರ್ಷದಿಂದ ಓದ್ತಾನೇ ಇದೀನಿ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿಯೋರು ಜಾಸ್ತಿ ಈ ವ್ಯಾಪಾರದಲ್ಲಿ. ಪರದೆ ದೊಡ್ಡದಂತೆ, ತೂಕ ಅರ್ಧವಂತೆ, ಕಾಫಿನೂ ಮಾಡುತ್ತಂತೆ. ಬಂದಾಗ ಬರುತ್ತೆ. ಅಲ್ಲಿವರೆಗೂ ಏನು ಬಾಯಲ್ಲಿ ನುಡಿಸ್ತೀರಾ?"

ಆದರೂ ತಂಗಿ ಆ ಹುಟ್ಟದ ಕೂಸನ್ನೇ ಎದೆಗವಚಿಕೊಂಡಳು. ಅಕ್ಕನ ಮುಂದೆ ದಿನಕ್ಕೊಂದು ನೆಪ ಹೇಳಿದಳು. ಕರಿಯನ ಪರದೆ ಕಣ್ಣಿಗೆ ಹೊಡೆಯುತ್ತೆ. ಗುಂಡ ನಮ್ಮ ಮೆಟ್ಟಿಲಲ್ಲಿ ತಿರುಗಲ್ಲ. ಬಿಳಿಯದರಲ್ಲಿ ಕೊಳಲು ಸರಿ ಇಲ್ಲ. ಒಂದು ವರ್ಷ ಕಾದರೆ ಎಲ್ಲ ಇರುವುದೇ ಬರುತ್ತದೆ.

ನಾಲ್ಕನೆಯ ದಿನ ಅಕ್ಕ ಕತ್ತರಿ ಕೆಳಗಿಟ್ಟಳು. "ಒಂದು ಮಾತು ಕೇಳ್ತೀನಿ, ನೇರ ಹೇಳು. ನಿನಗೆ ಹೊಸ ಮೆಷಿನ್ ಬೇಡ್ವೋ, ನಾನು ಬೇಡ್ವೋ?"

"ಏನಕ್ಕಾ ನೀನು..."

"ಐವತ್ತಮೂರಾಯ್ತು ಇವಳಿಗೆ, ಇನ್ನೆಷ್ಟು ದಿನ ಹಾಡ್ತಾಳೆ, ಇವಳನ್ನ ನಂಬ್ಕೊಂಡು ಅಷ್ಟು ದೊಡ್ಡ ಮೆಷಿನ್ ಯಾಕೆ ಅಂತ ತಾನೆ? ಹೇಳ್ಬಿಡು ಪುಟ್ಟಿ. ನಾನೇನು ಬೇಜಾರು ಮಾಡ್ಕೊಳ್ಳಲ್ಲ." ಹಾಗೆಂದವಳು ಕೆಳಗಿಟ್ಟ ಕತ್ತರಿಯನ್ನು ಇನ್ನಷ್ಟು ದೂರ ಸರಿಸಿದಳು.

ತಂಗಿ ಯಾವುದನ್ನು ಕಾಪಾಡಲು ಇಷ್ಟೆಲ್ಲ ಸುಳ್ಳು ಹೆಣೆದಳೋ ಅದನ್ನೇ ಅಕ್ಕ ಇನ್ನೊಂದು ತುದಿಯಿಂದ ಹಿಡಿದೆಳೆಯುತ್ತಿದ್ದಳು. "ಗುರುವಾರ ಹೋಗೋಣ. ನೀನೇ ಬಂದು ನೋಡು" ಎಂದುಬಿಟ್ಟಳು ತಂಗಿ.

ರಾತ್ರಿ ಗಂಡ ಕೇಳಿದ, "ಏನೇ ಇದು, ಮೂರು ದಿನದಿಂದ ಸಾರಿಗೆ ಉಪ್ಪೇ ಇಲ್ಲ?"

"ಉಪ್ಪಿನ ಡಬ್ಬಿ ಮುಂದೇ ಇದೆಯಲ್ಲ, ಹಾಕ್ಕೊಳ್ಳಿ."

"ಹಾಕ್ಕೋತೀನಿ. ಹಾಕ್ಕೋಬೇಕು ಅಂತ ಮೊದಲೇ ಹೇಳಿದ್ರೆ ಒಳ್ಳೇದಿತ್ತು ಅಷ್ಟೆ."

ಅವನು ಊಟದ ಮಾತಾಡಿದ್ದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಇವಳು ಮಾತ್ರ ಬಹಳ ಹೊತ್ತು ಅದನ್ನೇ ಮೆಲುಕು ಹಾಕಿದಳು.

ಗುರುವಾರ ಅಕ್ಕನಿಗೆ ಹನ್ನೊಂದು ಗಂಟೆ ಎಂದು ಹೇಳಿ ತಂಗಿ ಹತ್ತೂವರೆಗೇ ಅಂಗಡಿಗೆ ಬಂದಳು. ಅಂಗಡಿಯಮ್ಮ ಹಿಂದುಗಡೆ ಹೊಸ ಪೆಟ್ಟಿಗೆಗಳನ್ನು ಬಿಚ್ಚುತ್ತಿದ್ದಳು. "ನೀವೇ ಹಚ್ಕೊಳ್ಳಿ ಅಮ್ಮ, ಪರಕೀಯರಾ ನೀವು?" ಎಂದಳು. ತಂಗಿ ಮೂರನ್ನೂ ಹಚ್ಚಿ, ಮೂರರಲ್ಲೂ ನಾಲ್ಕು ಮೆಟ್ಟಿಲು ಇಳಿಸಿಟ್ಟಳು. ಕರಿಯನ ಪರದೆಯ ಮೂಲೆಯಲ್ಲಿ ಕಿತ್ತಳೆ ಬಣ್ಣದ ನಾಲ್ಕು ಕೆಂಡದ ಹಾಗೆ ಕೂತಿತು. ಅದರ ಮೇಲೆ ಒಂದು ಜಾಹೀರಾತಿನ ಹಾಳೆ ಒರಗಿಸಿಟ್ಟಳು. ಬಿಳಿಯನನ್ನು ಕೊಳ್ಳುವುದೆಂದು ಆಗಲೇ ನಿಶ್ಚಯಿಸಿದ್ದಳು. ಅದರಲ್ಲಿ ಇಳಿಸಿದ ಸಂಖ್ಯೆ ಕಾಣಬೇಕಾದರೆ ನಾಲ್ಕು ಪುಟ ಒಳಗಿಳಿಯಬೇಕು, ಪ್ರತಿ ಸಲ ಹಚ್ಚಿದಾಗ ತಾನೇ ಮೊದಲು ಹೋಗಿ ಇಳಿಸಿದರಾಯಿತು. ಇಪ್ಪತ್ತು ವರ್ಷ ಬೇಕಾದರೂ ಇಳಿಸಿಯಾಳು.

ಅಕ್ಕ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದಳು. ಮೂರನ್ನೂ ಸುತ್ತಿ ನೋಡಿ, "ಇದೇನೇ, ಒಂದಕ್ಕಿಂತ ಒಂದು ಗತ್ತು! ನಮ್ಮ ಅತ್ತೆ ಇವರ ಮುಂದೆ ಪಾಪದವಳು" ಎಂದಳು. ಹಿಂದಿನಿಂದ ಕೈಯೊರೆಸುತ್ತಾ ಬಂದ ಅಂಗಡಿಯಮ್ಮ ನಮಸ್ಕಾರ ಹೇಳಿದವಳೇ ಗೋಡೆಯ ಹತ್ತಿರ ಬಗ್ಗಿ, ಮೂರೂ ಯಂತ್ರ ಸೇರಿದ್ದ ಒಂದೇ ಸ್ವಿಚ್ಚನ್ನು ಪಟ್ಟೆಂದು ಆರಿಸಿದಳು.

"ಅಯ್ಯೋ, ಹಚ್ಚೇ ಇತ್ತಲ್ಲ!" ಎಂದಳು ತಂಗಿ. ದನಿ ಬೇಕಾದ್ದಕ್ಕಿಂತ ಜೋರಾಗಿ ಬಂತು.

"ಇದು ನಮ್ಮ ಮಾವನವರ ಕಾಲದ ಪದ್ಧತಿ ಅಮ್ಮ. ಹೋಲಿಸಿ ನೋಡೋರು ಬಂದಾಗ ಎಲ್ಲಾನೂ ಆರಿಸಿ ಹಚ್ಚಬೇಕು. ಹಿಂದೆ ಬಂದವರು ಏನೇನು ತಿರುಚಿರ್ತಾರೋ. ಮೂರೂ ಒಂದೇ ಗೆರೆ ಮೇಲೆ ನಿಂತ್ರೆ ತಾನೆ ಯಾವುದು ಏನು ಅಂತ ಗೊತ್ತಾಗೋದು?" ಸ್ವಿಚ್ಚು ಹಾಕಿ, ಕರಿಯನ ಮೇಲಿದ್ದ ಹಾಳೆಯನ್ನೂ ತೆಗೆದು ಮಡಚಿದಳು. ಪರದೆ ತೊಳೆದ ತಟ್ಟೆಯ ಹಾಗೆ ಬೆಳಗಿತು. ಮೂಲೆಯಲ್ಲಿ ಸೊನ್ನೆ.

"ಕೂತ್ಕೊಳೇ. ದೋಣಿ ಹಾಡು" ಎಂದಳು ಅಕ್ಕ.

"ಅದ್ಯಾಕೆ, ಬೇರೆ ಯಾವುದಾದ್ರೂ..."

"ಮೊದಲ ಸಲ ಮನೆಗೆ ಬರೋನಿಗೆ ಮೊದಲ ಹಾಡು. ನುಡ್ಸು."

ಕೈಯನ್ನು ನಾಲ್ಕು ಕೀ ಕೆಳಕ್ಕೆ ಜಾರಿಸಲೇ ಎಂದು ತಂಗಿ ಯೋಚಿಸಿದಳು. ಅಕ್ಕನ ಕಣ್ಣು ಅವಳ ಬೆರಳಿನ ಮೇಲೇ ಇತ್ತು. ಬೆರಳು ನಡುವಿನ ಕಪ್ಪು ಕೀಯ ಮೇಲೆ ಹೋಗಿ ಕೂತಿತು. ರೂಢಿಯಂತೆ ಗಲ್ಲ ಮೇಲೆತ್ತಿ ಸನ್ನೆ ಕೊಟ್ಟಳು. ಅಕ್ಕ ಹಾಡತೊಡಗಿದಳು. ಮೊದಲ ಸಾಲಿನಲ್ಲೇ ಹುಬ್ಬು ಗಂಟಾಯಿತು. ಎರಡನೆಯದರಲ್ಲಿ ಕುತ್ತಿಗೆಯ ನರ ಉಬ್ಬಿತು. ಮೂರನೆಯದರಲ್ಲಿ ದನಿ ಕಡಿಯಿತು.

"ಇದರ ಶ್ರುತಿ ಏರಿದೆ" ಎಂದಳು ಅಕ್ಕ, ನೀರು ಕುಡಿದು. "ಆ ಬಿಳೀದು ನೋಡೋಣ."

ಬಿಳಿಯನ ಪಿಟೀಲುಗಳು ಹತ್ತಿ ಹಾಸಿದಂತೆ ಮೆತ್ತಗೆ ಎದ್ದವು. ಮೂರನೆಯ ಸಾಲಿನಲ್ಲಿ ಅದೇ ಜಾಗಕ್ಕೆ ಅದೇ ದನಿ ಕಡಿಯಿತು. ಅಕ್ಕ ಗುಂಡನ ಕಡೆ ಕೈ ತೋರಿದಳು. ಅಲ್ಲೂ ಅಷ್ಟೆ. ಅಂಗಡಿಯಮ್ಮ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡಳು.

"ಇವು ತಪ್ಪು ಹೇಳಲ್ಲಮ್ಮ" ಎಂದಳು ಮೆಲ್ಲಗೆ. "ಬೇಕಾದ್ರೆ ಪಿಯಾನೋ ಶ್ರುತಿ ಮಾಡೋ ಕವೆ ತರ್ತೀನಿ."

"ಬೇಡ" ಎಂದಳು ಅಕ್ಕ. "ಮೂರು ಬೇರೆ ಬೇರೆ ಕಂಪನಿ. ಮೂರೂ ಸೇರ್ಕೊಂಡು ನನ್ನೊಬ್ಬಳ ಮೇಲೆ ಸುಳ್ಳು ಹೇಳೋಕೆ ಅವಕ್ಕೇನು ಬಂದಿದೆ?" ಅವಳು ಕರಿಯನ ಮುಂದೆ ಬಂದು ನಿಂತಳು. "ಕೆಳಗಿಳಿಸೋದು ಎಲ್ಲಿದೆ ಇದರಲ್ಲಿ?"

ಅಂಗಡಿಯಮ್ಮ ತೋರಿಸಿದಳು. ಅಕ್ಕ ಒಮ್ಮೆ ಒತ್ತಿ, ಎಡಗೈಯಿಂದ ನಡುವಿನ ಕಪ್ಪು ಕೀ ಹಿಡಿದು, ಮೂರನೆಯ ಸಾಲನ್ನಷ್ಟೇ ಗುನುಗಿದಳು. ಕಡಿಯಿತು. ಎರಡನೆಯ ಸಲ ಒತ್ತಿದಳು. ಮೂರನೆಯ ಸಲ. ತಂಗಿ ಸ್ಟೂಲಿನ ಅಂಚು ಹಿಡಿದು ಕೂತಿದ್ದಳು. ನಾಲ್ಕನೆಯ ಸಲ ಒತ್ತಿದಾಗ, ವರ್ಷಗಟ್ಟಲೆ ಕಾಲಿಗೆ ಪಳಗಿದ ಹಳೆಯ ಚಪ್ಪಲಿ ಹೊಕ್ಕಂತೆ ದನಿ ತನ್ನ ಜಾಗದಲ್ಲಿ ಹೋಗಿ ಕೂತಿತು. ಅದನ್ನು ಅಕ್ಕ ಗುರುತಿಸಿದಳು. ಪರದೆಯ ಮೂಲೆಯ ಕಿತ್ತಳೆ ಸಂಖ್ಯೆಯನ್ನು ನೋಡಿದಳು, ಆಮೇಲೆ ತಂಗಿಯ ಮುಖ ನೋಡಿದಳು. ಮುಖದಲ್ಲಿ ಎಲ್ಲ ಬರೆದಿತ್ತು.

"ಆಮೇಲೆ ಫೋನ್ ಮಾಡ್ತೀವಿ" ಎಂದು ಅಂಗಡಿಯಮ್ಮನಿಗೆ ಹೇಳಿ ಅಕ್ಕ ಹೊರಟಳು.

ಇಬ್ಬರೂ ಬಸ್ ಸ್ಟಾಪಿಗೆ ಬಂದು ನಿಂತರು. ರಸ್ತೆಯ ಆಚೆ ಬದಿಗೆ ಒಂದು ಲಾಂಡ್ರಿ. ಅದರ ಕೌಂಟರಿನ ಹಿಂದೆ ಕೂತು ಚೀಟಿ ಬರೆಯುತ್ತಿದ್ದವಳನ್ನು ಒಂದು ಕಾಲದಲ್ಲಿ ಹಾಡುವವರೆಲ್ಲ ಗುಬ್ಬಿ ಎಂದು ಕರೆಯುತ್ತಿದ್ದರು. ಸಣ್ಣ ಆಳು, ಸಣ್ಣ ದನಿ, ಒಳ್ಳೆಯ ಹಾಡುಗಾರ್ತಿ. ಅಕ್ಕನ ಜೊತೆ ಎಷ್ಟೋ ವೇದಿಕೆ ಹಂಚಿಕೊಂಡವಳು. ಎರಡನೆಯ ಹೆರಿಗೆಯ ನಂತರ ದನಿ ಏರದೆ ತನ್ನ ಶ್ರುತಿ ಇಳಿಸಿಕೊಂಡಿದ್ದಳು, ಯಾರಿಗೂ ಮುಚ್ಚಿಡಲಿಲ್ಲ. ಐದು ವರ್ಷದ ಕೆಳಗೆ ಒಂದು ಹೋಟೆಲ್ಲಿನ ಸಮಾರಂಭದಲ್ಲಿ ಅವಳಾದ ಮೇಲೆ ಅಕ್ಕನ ಸರದಿ ಬಂತು. ಅಕ್ಕ ಮೈಕಿನಲ್ಲೇ, "ಇಲ್ಲಿವರೆಗೂ ಇಳಿಜಾರಲ್ಲಿ ಬಂದ್ವಿ, ಈಗ ಸ್ವಲ್ಪ ಮೇಲಕ್ಕೆ ಹತ್ತೋಣ" ಎಂದಿದ್ದಳು. ಜನ ನಕ್ಕಿದ್ದರು. ಆಮೇಲೆ ಗುಬ್ಬಿ ಎಲ್ಲೂ ಹಾಡಲಿಲ್ಲ.

"ಅವಳಿಗೆ ನಾನೇನಂದೆ ಅಂತ ನೆನಪಿದೆಯಾ ನಿನಗೆ?" ಎಂದಳು ಅಕ್ಕ, ಲಾಂಡ್ರಿಯ ಕಡೆಯೇ ನೋಡುತ್ತಾ.

"ಇದೆ."

"ಎಷ್ಟು ಇಳಿಸಿದ್ಲು ಅವಳು?"

"ಎರಡು."

"ಅವತ್ತು ನಂದೆಷ್ಟಿತ್ತು?"

ತಂಗಿಗೆ ಬಸ್ಸು ಬರಬಾರದೇ ಅನ್ನಿಸಿತು. ಬರಲಿಲ್ಲ. "ಮೂರು" ಎಂದಳು.

ಅಕ್ಕ ತಲೆಯಾಡಿಸಿದಳು, ಲೆಕ್ಕ ಸರಿಹೋಯಿತು ಎನ್ನುವ ಹಾಗೆ. "ನೀನು ಅಲ್ಲೇ ಇದ್ದೆ. ಪಕ್ಕದಲ್ಲೇ ಕೂತಿದ್ದೆ. ನಗಲಿಲ್ಲ ಒಂದು, ಅಷ್ಟೆ."

"ಅಕ್ಕಾ, ನೀನು ಹಾಡೋದು ಬಿಟ್ಬಿಡ್ತೀಯ ಅಂತ ಭಯ ಆಯ್ತು ಕಣೆ. ಎರಡು ದಿನ ಬಾಗಿಲು ತೆಗೀಲಿಲ್ಲ ನೀನು. ನಾನು ಬೇರೆ ಏನು ಮಾಡ್ಲಿ?"

"ಜನ ದಪ್ಪ ಆಗಿ ಬರ್ತಾರೆ ನನ್ನ ಹತ್ರ. ನಾನೂ ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಡ್ತೀನಿ. ಆದ್ರೆ ಚೀಟಿ ಮೇಲೆ ಬರೀತೀನಿ, ಎರಡಿಂಚು ಬಿಚ್ಚಿದೆ ಅಂತ. ಬೇಜಾರು ಮಾಡ್ಕೋತಾರೆ. ಮಾಡ್ಕೊಂಡ್ರೂ ಅದು ಅವರ ಮೈ ಪುಟ್ಟಿ. ಅವರಿಗೆ ಗೊತ್ತಿರಬೇಕು."

ಬಸ್ಸು ಬಂತು. ಅಕ್ಕ ಹತ್ತಿದಳು. ತಂಗಿ ಹತ್ತಲು ಹೋದರೆ, "ನೀನು ಮುಂದಿನದರಲ್ಲಿ ಬಾ" ಎಂದಳು. ಮೆತ್ತಗೇ ಹೇಳಿದಳು. ಬೈದಿದ್ದರೆ ವಾಸಿಯಿತ್ತು.

ಶುಕ್ರವಾರ ಅಕ್ಕ ಫೋನೆತ್ತಲಿಲ್ಲ. ಶನಿವಾರ ಬೆಳಿಗ್ಗೆ ತಂಗಿ ಹೋಗಿ ನೋಡಿದರೆ ಬೀಗ. ಪಕ್ಕದ ಮನೆಯವರು, "ಆಗಲೇ ಹೋದ್ರು, ಕೈಯಲ್ಲಿ ಒಂದು ಬಟ್ಟೆ ಗಂಟಿತ್ತು" ಎಂದರು. ಭಾನುವಾರ ಮಧ್ಯಾಹ್ನ ಒಂದು ಶಾಲೆಯ ಹಿರಿಯ ಶಿಕ್ಷಕಿಯ ಬೀಳ್ಕೊಡುಗೆ. ಅದನ್ನು ರದ್ದು ಮಾಡಬೇಕೋ ಬೇಡವೋ ಎಂದು ಯಾರನ್ನು ಕೇಳುವುದು? ಅಷ್ಟರಲ್ಲಿ ಸಂಜೆ ಅಂಗಡಿಯಮ್ಮನೇ ಫೋನ್ ಮಾಡಿದಳು. "ನಿಮ್ಮಕ್ಕ ಕರೀದನ್ನ ಹೇಳಿದಾರೆ. ನಾಳೆ ನೇರವಾಗಿ ಹಾಲ್‌ಗೇ ಕಳಿಸ್ತೀನಿ. ಪೆನ್‌ಡ್ರೈವ್ ಮರೀಬೇಡಿ."

ಕರಿಯ! ಮೂರರಲ್ಲಿ ಅದನ್ನೇ.

ಭಾನುವಾರ ತಂಗಿ ಒಂದು ಗಂಟೆ ಮೊದಲೇ ಹೋಗಿ ಪೆಟ್ಟಿಗೆ ಬಿಚ್ಚಿದಳು, ಕೇಬಲ್ಲುಗಳನ್ನು ಜೋಡಿಸಿದಳು, ಹಾಡುಗಳನ್ನು ತುಂಬಿದಳು. ಕರಿಯ ಅರ್ಧ ನಿಮಿಷಕ್ಕೇ ಎದ್ದು ಕೂತ. ಟ್ರಾನ್ಸ್‌ಪೋಸಿನ ಮೇಲೆ ಬೆರಳಿಟ್ಟವಳು ಒತ್ತದೆ ಹಿಂದಕ್ಕೆಳೆದುಕೊಂಡಳು. ಒತ್ತಿದರೆ ತಪ್ಪು, ಒತ್ತದಿದ್ದರೆ ಅಕ್ಕ ಅಷ್ಟು ಜನರ ಮುಂದೆ... ಯೋಚಿಸಲೂ ಆಗಲಿಲ್ಲ.

ಅಕ್ಕ ಬಂದಳು. ಅತ್ತೆ ಎದ್ದಳೇ ಎಂದು ಕೇಳಲಿಲ್ಲ. ವೇದಿಕೆಯ ನಡುವೆ ಇದ್ದ ಮೈಕಿನ ಸ್ಟ್ಯಾಂಡನ್ನು ಎತ್ತಿ ತಂದು ಕೀಬೋರ್ಡಿನ ಪಕ್ಕದಲ್ಲಿ, ಪರದೆ ಕಾಣುವ ಹಾಗೆ ಇಟ್ಟಳು. ಮುಂದಿನ ಸಾಲಿನವರು ನೋಡುತ್ತಿದ್ದಂತೆಯೇ ಬಗ್ಗಿ, ತನ್ನ ಬೆರಳಿನಿಂದ ಗುಂಡಿ ಒತ್ತಿದಳು. ಒಂದು, ಎರಡು, ಮೂರು, ನಾಲ್ಕು. ಒಂದು ಕ್ಷಣ ತಡೆದು ಐದನೆಯ ಸಲವೂ ಒತ್ತಿದಳು.

ತಂಗಿ ಬೆಚ್ಚಿ ಅವಳ ಕಡೆ ತಿರುಗಿದಳು. ಅಕ್ಕ ತಿರುಗಲಿಲ್ಲ.

ದೋಣಿ ಹಾಡು ಶುರುವಾಯಿತು. ಇಪ್ಪತ್ತೊಂದು ವರ್ಷ ತಂಗಿ ಗಲ್ಲ ಎತ್ತಿದಾಗಲೇ ಅಕ್ಕ ಬಾಯಿ ತೆರೆದದ್ದು. ಇವತ್ತೂ ತಂಗಿ ಗಲ್ಲ ಎತ್ತಿದಳು. ಅಕ್ಕನ ಕಣ್ಣು ಪರದೆಯ ಮೂಲೆಯಲ್ಲಿತ್ತು. ತೊಡೆಯ ಮೇಲೆ ಬೆರಳಲ್ಲಿ ತಾನೇ ತಾಳ ಎಣಿಸಿಕೊಂಡು ಎತ್ತಿಕೊಂಡಳು, ಕೂದಲೆಳೆಯಷ್ಟು ತಡವಾಗಿ. ಮೂರನೆಯ ಸಾಲು ಕಷ್ಟವಿಲ್ಲದೆ ಬಂತು. ಒಂದು ಕಡೆಯೂ ನರ ಉಬ್ಬಲಿಲ್ಲ. ನಿವೃತ್ತಳಾಗುತ್ತಿದ್ದ ಶಿಕ್ಷಕಿ ಕಣ್ಣೊರೆಸಿಕೊಂಡಳು. ಪ್ರತಿ ಹಾಡಿಗೂ ಮುಂಚೆ ಅಕ್ಕ ಒಮ್ಮೆ ಪರದೆ ನೋಡಿದಳು, ಒಮ್ಮೆ ತೂಕದಲ್ಲಿ ಮೋಸ ಹೋದವರು ಆಮೇಲೆ ತಕ್ಕಡಿಯ ಮುಳ್ಳನ್ನೇ ನೋಡುತ್ತಾ ನಿಲ್ಲುವ ಹಾಗೆ.

ಜನ ಊಟಕ್ಕೆ ಎದ್ದ ಮೇಲೆ ತಂಗಿ ಕೇಬಲ್ಲನ್ನು ಮೊಣಕೈಗೆ ಸುತ್ತುತ್ತಾ ಕೇಳಿದಳು, "ಐದು ಯಾಕಕ್ಕಾ?"

"ನಾಲ್ಕಕ್ಕೂ ಕುತ್ತಿಗೆ ನೋಯ್ತಿತ್ತು. ಎರಡು ವರ್ಷ ಆಯ್ತು" ಎಂದಳು ಅಕ್ಕ, ಕುರ್ಚಿಯ ಮೇಲೆ ಕೂತು. "ಐದೂವರೇಲೇ ಹಾಡ್ತಿದೀನಿ, ನೋವು ತಡ್ಕೋಬೇಕು ಅಂತ ನಾನು ಬಾಯಿ ಬಿಡಲಿಲ್ಲ. ಗೊತ್ತಿದ್ದಿದ್ರೆ ಇನ್ನೊಂದು ಇಳಿಸು ಅಂತಿದ್ದೆ. ಅಷ್ಟ್ರಲ್ಲಿ ನಾಲ್ಕು ಹೋಗಿದ್ದೋಳಿಗೆ ಐದನೇದು ಏನು ದೊಡ್ಡದು?"

ತಂಗಿಯ ಕೈಯಲ್ಲಿ ಕೇಬಲ್ಲು ನಿಂತಿತು. ಅಕ್ಕನನ್ನು ನೋವಿನಿಂದ ಕಾಪಾಡುತ್ತಿದ್ದೇನೆಂದು ಅವಳು ಅಂದುಕೊಂಡ ಆ ಎರಡು ವರ್ಷ.

"ನಿನ್ನೆ ಬೆಳಿಗ್ಗೆ ಬಂದಿದ್ದೆ. ಎಲ್ಲಿಗೆ ಹೋಗಿದ್ದೆ?"

"ಲಾಂಡ್ರಿಗೆ. ಒಂದು ಬೆಡ್‌ಶೀಟ್ ಕೊಡೋದಿತ್ತು."

"ಬೆಡ್‌ಶೀಟ್ ನೀನು ಮನೇಲೇ ಒಗೀತೀಯಲ್ಲ."

"ಹೂಂ."

"ಏನಾದ್ರೂ ಅಂದ್ಲಾ ಗುಬ್ಬಿ?"

"ಏನಂತಾಳೆ? ನಾನು ಹೇಳೋಕೆ ಹೋದೆ, ಬಾಯೇ ಬರ್ಲಿಲ್ಲ. ಹಿಂದೆ ನಾಲ್ಕು ಜನ ನಿಂತಿದ್ರು. ಚೀಟಿ ಬರೆದುಕೊಟ್ಟು, ಮಂಗಳವಾರ ಬಾ ಅಂದ್ಲು."

ಅಕ್ಕ ಎದ್ದು ಕರಿಯನ ಸ್ವಿಚ್ಚನ್ನು ತಾನೇ ಆರಿಸಿದಳು. ಐದು ಎಂದು ಉರಿಯುತ್ತಿದ್ದ ಮೂಲೆ ಕಪ್ಪಾಯಿತು.

"ಆರಿಸಿದ್ರೆ ಸೊನ್ನೆಗೆ ಬರುತ್ತೆ ಅಂದ್ರಲ್ಲ ಆಯಮ್ಮ?"

"ಹೂಂ. ಮೂರೂ ಹಾಗೇ. ಮುಂದಿನ ವರ್ಷ ಬರೋದ್ರಲ್ಲಿ ಮಾತ್ರ..."

"ಬೇಡ. ಇದೇ ಇರ್ಲಿ. ಸೊನ್ನೆಗೇ ಬರ್ಲಿ. ಪ್ರತಿ ಸಲ ನಾನೇ ಒತ್ಕೋತೀನಿ." ಕೀಬೋರ್ಡಿನ ಒಂದು ತುದಿಗೆ ಅವಳು ಕೈ ಹಾಕಿದಳು. "ಹಿಡಿ ಆ ಕಡೆ. ಮೆಲ್ಲಗೆ, ಮೆಟ್ಟಿಲಿದೆ."

ತಂಗಿ ಇನ್ನೊಂದು ತುದಿ ಹಿಡಿದಳು. ಕರಿಯ ಅತ್ತೆಗಿಂತ ಹಗುರ. ಆದರೂ ಕೆಳಗೆ ತಲುಪುವವರೆಗೆ ಇಬ್ಬರೂ ಎರಡು ಸಲ ನಿಂತು ಉಸಿರು ತೆಗೆದುಕೊಂಡರು. ಮಂಗಳವಾರ ತಾನೂ ಬರಲೇ ಎಂಬ ಮಾತು ತಂಗಿಯ ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ಮೆಟ್ಟಿಲನ್ನೇ ನೋಡುತ್ತಾ ಇಳಿಯುತ್ತಿದ್ದಳು. ತಂಗಿ ಕೇಳಲಿಲ್ಲ.